ಸಂಯುಕ್ತ ದೇಹಚಿತ್ರಣದಲ್ಲಿ ಸೂಕ್ಷ್ಮಕಣಗಳು: ಒಂದು ಐತಿಹಾಸಿಕ ವಿವೇಚನೆ

1. ಪೀಠಿಕೆ

2019ನೆಯ ಇಸವಿ ಡಿಸೆಂಬರ್ 26ರಂದು ಮುಂಜಾನೆ ಸೂರ್ಯಗ್ರಹಣವಾಯಿತು. ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿಗೆ ಸೇರಿದ ಕಟಕೋಳದಲ್ಲಿ, ಈ ಲೇಖಕನ ಮನೆಯಲ್ಲಿ, ಅಂದು ಗ್ರಹಣವನ್ನು ನೋಡುವುದಕ್ಕಾಗಿ ಹಳೆಯ ಎಕ್ಸ್-ರೇ ಫಿಲ್ಮೊಂದನ್ನು ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಅರಿವೆಯ ಚೀಲದಿಂದ ಹೊರತೆಗೆದು, ಕತ್ತರಿಯಿಂದ ನಾಲ್ಕು ತುಂಡು ಮಾಡಿ, ಮಕ್ಕಳಿಗೆ ಹಂಚಲಾಯಿತು. ಇಂತಹ ಫಿಲ್ಮಿನ ಮೂಲಕ ಸೂರ್ಯನನ್ನು ನೋಡುವುದು ಕಣ್ಣಿಗೆ ಅಪಾಯಕರವೆಂದು ತಜ್ಞರು ಎಷ್ಟು ಹೇಳಿದರೂ ನಮ್ಮ ಕಡೆ ಆ ರೂಢಿ ಇನ್ನೂ ತಪ್ಪಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅದರಲ್ಲಿ ಇನ್ನೊಂದು ಹಾನಿಯೂ ಕಾಣಬೇಕು. ಅಂದು ಕತ್ತರಿಗೆ ಸಿಕ್ಕಿದ್ದು ತೀರಿಹೋದ ಅಜ್ಜಿಯ ಎದೆಯ ಚಿತ್ರ. ಹೆಸರು ಮತ್ತು ತಾರೀಖು ಒಂದು ತುಂಡಿನಲ್ಲಿ ಉಳಿದವು. ಎದೆಗೂಡು ಇನ್ನೊಂದರಲ್ಲಿ ಉಳಿಯಿತು. ದಾಖಲೆಯೆಂಬ ನೆಲೆಯಲ್ಲಿ ಅದಕ್ಕಿದ್ದ ಬೆಲೆ ಆ ಕ್ಷಣದಲ್ಲಿಯೇ ಮುಗಿಯಿತು. ಹಾಗೆ ಮಾಡಬಾರದೆಂದು ಹೇಳುವಷ್ಟು ಎಚ್ಚರ ಇತಿಹಾಸವನ್ನು ಪಾಠ ಹೇಳುವ ಈ ಲೇಖಕನಿಗೂ ಅಂದು ಇರಲಿಲ್ಲ.

ಈ ಸಣ್ಣ ಸಂಗತಿಯನ್ನು ಮೊದಲಿಗೇ ಹೇಳಲು ಕಾರಣವಿದೆ. ಇಂದು ವೈದ್ಯಕೀಯ ಚಿತ್ರಣದ ಕ್ಷೇತ್ರದಲ್ಲಿ ಬಹುವಾಗಿ ಚರ್ಚೆಗೊಳಗಾಗಿರುವ ವಿಷಯಗಳಲ್ಲಿ ನ್ಯಾನೊ ಕಣಗಳ ಶೋಧಕಗಳು ಒಂದು. ದೇಹದೊಳಕ್ಕೆ ಅತಿ ಸೂಕ್ಷ್ಮವಾದ ಕಣಗಳನ್ನು ಸೇರಿಸಿ, ಅವುಗಳ ಸಹಾಯದಿಂದ ಒಂದೇ ಅಂಗವನ್ನು ಎರಡು ಮೂರು ವಿಧವಾದ ಯಂತ್ರಗಳಲ್ಲಿ ಏಕಕಾಲಕ್ಕೆ ನೋಡುವ ಪ್ರಯತ್ನವಿದು. ಇದರ ಭೌತ, ರಸಾಯನ ಅಂಶಗಳನ್ನು ವಿವರಿಸುವುದು ಆಯಾ ಶಾಸ್ತ್ರದವರ ಕೆಲಸ. ಈ ಪ್ರಯತ್ನಕ್ಕೆ ಒಂದು ದೀರ್ಘವಾದ ಪೂರ್ವೇತಿಹಾಸವಿದೆಯೆಂಬುದನ್ನೂ, ಅದರಲ್ಲಿ ಬೆಂಗಳೂರಿಗೆ ಗಮನಾರ್ಹವಾದ ಸ್ಥಾನವಿದೆಯೆಂಬುದನ್ನೂ, ಆ ಇತಿಹಾಸವು ಕಲಿಸುವ ಮುಖ್ಯ ಪಾಠವು ದಾಖಲೆಗಳ ಸಂರಕ್ಷಣೆಗೆ ಸಂಬಂಧಿಸಿದ್ದೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಆಕೃತಿ ಮತ್ತು ವ್ಯಾಪಾರ

ಕೊಯ್ಯದೆ ದೇಹದ ಒಳಗನ್ನು ನೋಡಬೇಕೆಂಬ ಬಯಕೆಯು ವೈದ್ಯವಿದ್ಯೆಯಷ್ಟೇ ಹಳೆಯದು. ಅದು ಕೈಗೂಡಿದ್ದು 1895ರಲ್ಲಿ. ಆ ವರ್ಷದ ನವೆಂಬರ್ 8ರಂದು ಜರ್ಮನಿಯ ವ್ಯುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ನರು ಕ್ಷ-ಕಿರಣಗಳನ್ನು ಕಂಡರು. ಈ ಶೋಧವು ಹರಡಿದ ವೇಗ ಆಶ್ಚರ್ಯಕರವಾದುದು. 1897–98ರಲ್ಲಿ ಬ್ರಿಟಿಷ್ ಸರಕಾರವು ವಾಯವ್ಯ ಗಡಿಯಲ್ಲಿ ನಡೆಸಿದ ತಿರಾಹ್ ದಂಡಯಾತ್ರೆಯಲ್ಲಿ, ಗಾಯಗೊಂಡ ಸೈನಿಕರ ಮೈಯಲ್ಲಿ ಹೊಕ್ಕ ಗುಂಡುಗಳನ್ನು ಗುರುತಿಸಲು ಸೇನಾ ವೈದ್ಯ ಬೀವರ್ ಎಂಬವರು ಕ್ಷ-ಕಿರಣದ ಉಪಕರಣವನ್ನು ಬಳಸಿದರು. ಶೋಧವಾಗಿ ಮೂರು ವರ್ಷ ತುಂಬುವುದರೊಳಗಾಗಿ ಅದು ಭಾರತದ ಗಡಿಯ ಬೆಟ್ಟಗಳನ್ನು ಮುಟ್ಟಿತ್ತು.

ಕ್ಷ-ಕಿರಣವು ಎಲುಬನ್ನೂ ಲೋಹವನ್ನೂ ಚೆನ್ನಾಗಿ ತೋರಿಸುತ್ತದೆ. ಕರುಳು, ರಕ್ತನಾಳ, ಯಕೃತ್ತು ಮುಂತಾದ ಮೃದು ಅಂಗಗಳನ್ನು ಅಷ್ಟಾಗಿ ತೋರಿಸುವುದಿಲ್ಲ. ಆದುದರಿಂದ ಕಿರಣವನ್ನು ಹೆಚ್ಚು ತಡೆಯುವ ಪದಾರ್ಥವೊಂದನ್ನು ಆ ಅಂಗದೊಳಕ್ಕೆ ಹೊಗಿಸುವ ಕ್ರಮ ಬೇಗನೆ ಹುಟ್ಟಿತು. ಮೊದಲು ಬಿಸ್ಮತ್, ಅನಂತರ ಬೇರಿಯಂ, ಅಯೋಡಿನ್ ಸಂಯುಕ್ತಗಳು ಬಳಕೆಗೆ ಬಂದವು. ಇವನ್ನು ಆಸ್ಪತ್ರೆಗಳಲ್ಲಿ ಇಂದು ‘ಕಾಂಟ್ರಾಸ್ಟ್’ ಎನ್ನುತ್ತಾರೆ. ನೋಡುವುದಕ್ಕಾಗಿ ದೇಹದೊಳಕ್ಕೆ ಪರದ್ರವ್ಯವನ್ನು ಸೇರಿಸಬೇಕೆಂಬ ತತ್ತ್ವ ಇಲ್ಲಿಂದ ಮೊದಲಾಯಿತು.

ಇದಕ್ಕೆ ಸಮಾನಾಂತರವಾಗಿ ಇನ್ನೊಂದು ಧಾರೆ ಹರಿಯಿತು. ಹಂಗೆರಿಯಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ ಜಾರ್ಜ್ ಡಿ ಹೆವೆಸಿಯವರು 1923ರಲ್ಲಿ ವಿಕಿರಣಶೀಲ ಸೀಸವನ್ನು ನೀರಿನಲ್ಲಿ ಬೆರಸಿ, ಅವರೆಯ ಜಾತಿಯ ಗಿಡವೊಂದಕ್ಕೆ ಉಣಿಸಿ, ಅದು ಬೇರಿನಿಂದ ಎಲೆಗೆ ಹೇಗೆ ಸಾಗುವುದೆಂಬುದನ್ನು ಅಳೆದರು. ಪದಾರ್ಥವು ಎಲ್ಲಿದೆ ಎಂಬುದನ್ನು ಅದರಿಂದಲೇ ಹೊಮ್ಮುವ ವಿಕಿರಣ ಹೇಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಬ್ಲಮ್‌ಗಾರ್ಟ್ ಎಂಬ ವೈದ್ಯರು ರೋಗಿಯ ಒಂದು ತೋಳಿಗೆ ವಿಕಿರಣಶೀಲ ದ್ರವ್ಯವನ್ನು ಚುಚ್ಚಿ, ಅದು ಇನ್ನೊಂದು ತೋಳನ್ನು ತಲಪುವ ಕಾಲವನ್ನು ಅಳೆದು, ರಕ್ತಸಂಚಾರದ ವೇಗವನ್ನು ಕಂಡುಹಿಡಿದರು. ಹೆವೆಸಿಯವರಿಗೆ 1943ನೆಯ ಸಾಲಿನ ನೊಬೆಲ್ ಪಾರಿತೋಷಕ ದೊರೆಯಿತು.

ಹೀಗೆ ಒಂದು ಧಾರೆಯು ಅಂಗದ ಆಕೃತಿಯನ್ನೂ ಇನ್ನೊಂದು ಧಾರೆಯು ಅಂಗದ ವ್ಯಾಪಾರವನ್ನೂ ಅರಸಿತು. ಮೊದಲನೆಯದು ‘ಹೇಗಿದೆ’ ಎಂದು ಹೇಳಬಲ್ಲದು; ಎರಡನೆಯದು ‘ಏನು ಮಾಡುತ್ತಿದೆ’ ಎಂದು ಹೇಳಬಲ್ಲದು. ಮುಂದಿನ ಮುಕ್ಕಾಲು ಶತಮಾನದ ಚಿತ್ರಣಚರಿತ್ರೆಯನ್ನು ಈ ಎರಡು ಧಾರೆಗಳ ಸಂಗಮದ ಚರಿತ್ರೆಯೆಂದು ಕರೆಯಬಹುದು.

3. ಬೆಂಗಳೂರಿನೊಡನೆ ಸಂಬಂಧವುಳ್ಳ ಎರಡು ಪ್ರಬಂಧಗಳು

1946ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿದ್ವಾಂಸರು, ಬಲವಾದ ಕಾಂತಕ್ಷೇತ್ರದಲ್ಲಿಟ್ಟ ಪದಾರ್ಥದ ಪರಮಾಣುಬೀಜಗಳು ಒಂದು ಗೊತ್ತಾದ ರೇಡಿಯೋ ತರಂಗಕ್ಕೆ ಮಾತ್ರ ಸ್ಪಂದಿಸುವುದನ್ನು ಬೇರೆ ಬೇರೆಯಾಗಿ ತೋರಿಸಿದರು. ಇದೇ ಬೈಜಿಕ ಕಾಂತೀಯ ಅನುರಣನೆ. ನೀರಿನ ಹೈಡ್ರೊಜನ್ ಬೀಜಗಳು ಈ ಸ್ಪಂದನಕ್ಕೆ ಬಹಳ ಅನುಕೂಲವಾದುವು. ಶೋಧವಾದ ಐದೇ ವರ್ಷಗಳಲ್ಲಿ, ಎಂದರೆ 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ಅನುರಣನೆಯನ್ನು ಪರೀಕ್ಷಿಸಿ, ತಮ್ಮ ಚಿಕ್ಕ ಪ್ರಬಂಧವೊಂದನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ ಪ್ರಕಟಿಸಿದರು.

ಆ ಪ್ರಬಂಧದ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ನಿಂತ ನೀರಿನ ಬೀಜಗಳು ರೇಡಿಯೋ ತರಂಗವನ್ನು ಸತತವಾಗಿ ಹೀರಿ ದಣಿಯುತ್ತವೆ, ಸಂಕೇತ ಕುಗ್ಗುತ್ತದೆ. ನೀರು ಹರಿಯುತ್ತಿದ್ದರೆ ದಣಿಯದ ಹೊಸ ಬೀಜಗಳು ಒಂದೇ ಸಮನೆ ಒಳಬರುತ್ತವೆ, ಸಂಕೇತ ಬಲವಾಗುತ್ತದೆ. ಕಾಲುವೆಯಲ್ಲಿ ನಿಂತ ನೀರಿಗೂ ಹರಿವ ನೀರಿಗೂ ಇರುವ ಭೇದವನ್ನು ಹೊರಗಿನಿಂದಲೇ ಅರಿಯುವ ಉಪಾಯವಿದು. ರಕ್ತವೂ ಹರಿಯುವ ದ್ರವವೇ ಆದುದರಿಂದ, ಅನಂತರದ ದಶಕಗಳಲ್ಲಿ ಎಂ.ಆರ್.ಐ. ಯಂತ್ರದಿಂದ ರಕ್ತನಾಳಗಳನ್ನು ಕಾಂಟ್ರಾಸ್ಟ್ ಇಲ್ಲದೆಯೇ ಚಿತ್ರಿಸುವ ಕ್ರಮವೊಂದು ಇದೇ ತತ್ತ್ವದ ಮೇಲೆ ನಿಂತಿತು. ಎಂ.ಆರ್.ಐ. ಎಂಬ ಹೆಸರು ಹುಟ್ಟುವುದಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಮುಂಚೆ ಈ ಪ್ರಯೋಗ ಬೆಂಗಳೂರಿನಲ್ಲಿ ನಡೆದಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಎರಡನೆಯ ಪ್ರಬಂಧವು 1971ರದು. ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ, ಹಲವು ದಿಕ್ಕುಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳಿಂದ ವಸ್ತುವಿನ ಒಳರೂಪವನ್ನು ಮರಳಿ ಕಟ್ಟುವ ಗಣಿತಕ್ರಮವೊಂದನ್ನು ನಿರೂಪಿಸಿದರು. ಅದು ಹಿಂದಿನ ಕ್ರಮಕ್ಕಿಂತ ಸುಲಭವೂ ಶೀಘ್ರವೂ ಆಗಿತ್ತು. ರಾಮಚಂದ್ರನ್ನರು ಬೆಂಗಳೂರಿನಲ್ಲಿ ರಾಮನ್ನರ ಬಳಿ ವ್ಯಾಸಂಗ ಮಾಡಿದವರು. ಮದರಾಸಿನಲ್ಲಿ ಬಹುಕಾಲ ದುಡಿದು, ಸುಮಾರಿಗೆ ಈ ಪ್ರಬಂಧದ ಕಾಲಕ್ಕೆ ಮರಳಿ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಸ್ಥಾಪಿಸಿದರು. ಇದೇ ವಿಚಾರವನ್ನು ರೇಡಿಯೋ ಖಗೋಳಶಾಸ್ತ್ರದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ ಎಂಬವರು 1967ರಲ್ಲಿಯೇ ಪ್ರತ್ಯೇಕವಾಗಿ ಕಂಡಿದ್ದರೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಅದೇ 1971ರ ಅಕ್ಟೋಬರ್ 1ರಂದು ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆಯಲಾಯಿತು. ಅವರು ಬಳಸಿದ ಗಣಿತ ಬೇರೆ. ಆದರೆ ಮುಂದೆ ದಶಕಗಳ ಕಾಲ ಸಿ.ಟಿ. ಯಂತ್ರಗಳು ನಡೆದುದು ಬಹುಮಟ್ಟಿಗೆ ರಾಮಚಂದ್ರನ್ನರು ನಿರೂಪಿಸಿದ ಬಗೆಯ ಕ್ರಮದಿಂದಲೇ. 1973ರಲ್ಲಿ ಲಾಟರ್‌ಬರ್ ಅವರು ನೀರು ತುಂಬಿದ ಎರಡು ಸಣ್ಣ ನಳಿಕೆಗಳ ಅನುರಣನೆಯ ಚಿತ್ರವನ್ನು ಪ್ರಕಟಿಸಿ ಎಂ.ಆರ್.ಐ.ಗೆ ದಾರಿಮಾಡಿದರು. ಸಿ.ಟಿ.ಗೆ 1979ರಲ್ಲಿಯೂ ಎಂ.ಆರ್.ಐ.ಗೆ 2003ರಲ್ಲಿಯೂ ನೊಬೆಲ್ ಪಾರಿತೋಷಕಗಳು ಸಂದವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಯಂತ್ರಗಳನ್ನು ನಾವೇ ಕಂಡುಹಿಡಿದೆವೆಂದು ಹೇಳಿಕೊಳ್ಳುವುದು ಸತ್ಯಕ್ಕೆ ದೂರ. ನಮ್ಮ ನಾಡಿನ ವಿದ್ವಾಂಸರು ಮೂಲತತ್ತ್ವಗಳಿಗೆ ಕಾಣಿಕೆ ಸಲ್ಲಿಸಿದರು. ಯಂತ್ರಗಳು ಬೇರೆಡೆ ರೂಪುಗೊಂಡು, ಬೆಲೆ ತೆತ್ತು ಇಲ್ಲಿಗೆ ಬಂದವು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಿದಾಗಲೇ ಚರಿತ್ರೆ ಪೂರ್ಣವಾಗುತ್ತದೆ.

4. ಎರಡು ಚಿತ್ರಗಳ ಕೂಡಿಕೆ

ವ್ಯಾಪಾರವನ್ನು ತೋರಿಸುವ ಯಂತ್ರಗಳಲ್ಲಿ ಪೆಟ್ ಎಂಬುದು ಪ್ರಮುಖವಾದುದು. ಧನ ವಿದ್ಯುತ್ಕಣವನ್ನು, ಎಂದರೆ ಪಾಸಿಟ್ರಾನನ್ನು, ಹೊಮ್ಮಿಸುವ ದ್ರವ್ಯವೊಂದನ್ನು ಅಭಿಧಮನಿಗೆ ಚುಚ್ಚುತ್ತಾರೆ. ಪಾಸಿಟ್ರಾನು ಎಲೆಕ್ಟ್ರಾನಿನೊಡನೆ ಕೂಡಿ ಎರಡೂ ಲಯವಾಗುವಾಗ ಎರಡು ಗಾಮಾ ಕಿರಣಗಳು ವಿರುದ್ಧ ದಿಕ್ಕುಗಳಿಗೆ ಚಿಮ್ಮುತ್ತವೆ. ಸುತ್ತ ಕುಳಿತ ಗ್ರಾಹಕಗಳು ಅವೆರಡನ್ನೂ ಒಂದೇ ಕ್ಷಣದಲ್ಲಿ ಹಿಡಿದು, ಅವು ಹುಟ್ಟಿದ ರೇಖೆಯನ್ನು ಗೊತ್ತುಮಾಡುತ್ತವೆ. ಸಕ್ಕರೆಯನ್ನು ಹೋಲುವ, ಫ್ಲೂರಿನ್-18 ಎಂಬ ಸಮಸ್ಥಾನಿಯನ್ನು ಹೊತ್ತ ದ್ರವ್ಯವು ಇದಕ್ಕೆ ಹೆಚ್ಚಾಗಿ ಬಳಕೆಯಾಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಸಕ್ಕರೆಯನ್ನು ಹೆಚ್ಚಾಗಿ ಉಣ್ಣುವ ಅರ್ಬುದಗಳು ಈ ಚಿತ್ರದಲ್ಲಿ ಉಜ್ಜ್ವಲವಾಗಿ ಕಾಣುತ್ತವೆ.

ಪೆಟ್ ಚಿತ್ರವು ಅತ್ಯಲ್ಪ ಪ್ರಮಾಣದ ದ್ರವ್ಯವನ್ನೂ ಗುರುತಿಸಬಲ್ಲದು. ಆದರೆ ಆಕೃತಿ ಮಸುಕು. ಎಂ.ಆರ್.ಐ. ಚಿತ್ರದಲ್ಲಿ ಆಕೃತಿ ಸ್ಫುಟ. ಆದರೆ ಅಲ್ಪ ದ್ರವ್ಯವನ್ನು ಗುರುತಿಸುವ ಶಕ್ತಿ ಕಡಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಎರಡನ್ನೂ ಕೂಡಿಸುವುದು ಸಹಜವಾದ ಹೆಜ್ಜೆ. ರೋಗಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಿದರೆ ದೇಹದ ಭಂಗಿ ಬದಲಾಗಿ ಚಿತ್ರಗಳು ಹೊಂದುವುದಿಲ್ಲ. ಆದಕಾರಣ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಪೆಟ್ ಮತ್ತು ಸಿ.ಟಿ.ಗಳನ್ನು ಒಂದೇ ಯಂತ್ರದಲ್ಲಿ ಜೋಡಿಸಿ ಪ್ರಯೋಗಕ್ಕೆ ತಂದರು. ಪೆಟ್‌ನ ಹಳೆಯ ಗ್ರಾಹಕಗಳು ಬಲವಾದ ಕಾಂತಕ್ಷೇತ್ರದಲ್ಲಿ ಕೆಲಸಮಾಡಲಾರದೆ ಇದ್ದುದರಿಂದ ಎಂ.ಆರ್.ಐ.ಯೊಡನೆ ಅದರ ಜೋಡಣೆ ತಡವಾಯಿತು. ಇಡೀ ದೇಹವನ್ನು ಏಕಕಾಲಕ್ಕೆ ಎರಡೂ ಕ್ರಮಗಳಲ್ಲಿ ನೋಡುವ ಯಂತ್ರ ಬಂದುದು 2010ರ ಸುಮಾರಿಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಯಂತ್ರವು ಬಳಕೆಗೆ ಬಂದಿದೆ.

ಯಂತ್ರಗಳು ಕೂಡಿದ ಮೇಲೆ ಇನ್ನೊಂದು ಪ್ರಶ್ನೆ ಉಳಿಯಿತು. ಒಂದು ಯಂತ್ರಕ್ಕೆ ಒಂದು ದ್ರವ್ಯ, ಇನ್ನೊಂದಕ್ಕೆ ಇನ್ನೊಂದು ದ್ರವ್ಯವೆಂದು ಎರಡನ್ನು ಚುಚ್ಚಿದರೆ, ಅವೆರಡೂ ದೇಹದಲ್ಲಿ ಒಂದೇ ಎಡೆಗೆ ಹೋಗಿವೆಯೆಂಬ ಭರವಸೆಯಿಲ್ಲ. ಒಂದೇ ಕಣವು ಎರಡೂ ಯಂತ್ರಗಳಿಗೆ ಕಾಣುವಂತಿದ್ದರೆ ಆ ಸಂಶಯ ನೀಗುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ಸಹಾಯಕವಾಗಬಹುದು. ರಾಮದುರ್ಗದ ಮೇಲೆ ಹರಿದು ಬರುವ ಮಲಪ್ರಭೆಯ ದಂಡೆಯಲ್ಲಿಯೇ, ಕೆಳಗಡೆ, ಪಟ್ಟದಕಲ್ಲು ಇದೆ. ಅಲ್ಲಿ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕಾಲದ ಕ್ರಿ.ಶ. 754ರ ಸ್ತಂಭಶಾಸನದಲ್ಲಿ ಒಂದೇ ಪಾಠವನ್ನು ಉತ್ತರದ ಲಿಪಿಯಲ್ಲಿಯೂ ಈ ನಾಡಿನ ಲಿಪಿಯಲ್ಲಿಯೂ ಎರಡು ಸಲ ಕೊರೆದಿದ್ದಾರೆ. ಒಂದರಲ್ಲಿ ಸವೆದ ಅಕ್ಷರವನ್ನು ಇನ್ನೊಂದರ ಸಹಾಯದಿಂದ ಓದಬಹುದು. ಪಾಠ ಒಂದೇ ಆದುದರಿಂದ ಈ ತಾಳೆನೋಟಕ್ಕೆ ಬೆಲೆ. ಸಂಯುಕ್ತ ಶೋಧಕವೂ ಒಂದೇ ಪಾಠವನ್ನು ಎರಡು ಲಿಪಿಗಳಲ್ಲಿ ಬರೆದ ಶಾಸನದಂತೆ.

5. ಕಣದ ಚರಿತ್ರೆ

ನ್ಯಾನೊಮೀಟರ್ ಎಂದರೆ ಒಂದು ಮೀಟರಿನ 100 ಕೋಟಿ ಭಾಗಗಳಲ್ಲಿ ಒಂದು ಭಾಗ. ನಮ್ಮ ರಕ್ತದ ಕೆಂಪು ಕಣದ ಅಡ್ಡಳತೆ ಸುಮಾರು 7,000 ನ್ಯಾನೊಮೀಟರ್. ನಾವು ಇಲ್ಲಿ ಮಾತನಾಡುತ್ತಿರುವ ಕಣಗಳು ಸಾಮಾನ್ಯವಾಗಿ 100 ನ್ಯಾನೊಮೀಟರಿಗಿಂತಲೂ ಚಿಕ್ಕವು.

ಇಷ್ಟು ಸಣ್ಣ ಕಣಗಳನ್ನು ಕುರಿತ ಶಾಸ್ತ್ರೀಯ ಅಧ್ಯಯನವು ಮೈಕೇಲ್ ಫ್ಯಾರಡೆಯವರಷ್ಟು ಹಳೆಯದು. 1857ರಲ್ಲಿ ಅವರು ಲಂಡನ್ನಿನಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ, ಬಂಗಾರವು ಅತಿ ಸೂಕ್ಷ್ಮವಾಗಿ ಒಡೆದು ದ್ರವದಲ್ಲಿ ತೇಲುವಾಗ ಮಾಣಿಕ್ಯದ ಕೆಂಪು ಬಣ್ಣವನ್ನು ತಾಳುವುದೆಂದು ವಿವರಿಸಿದರು. ಅವರು ಸಿದ್ಧಪಡಿಸಿದ ಆ ಕಲಿಲ ದ್ರವದ ಸೀಸೆಗಳನ್ನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಿಗ್ಮಾಂಡಿ ಎಂಬವರು ಅತಿಸೂಕ್ಷ್ಮದರ್ಶಕವನ್ನು ರಚಿಸಿ ಇಂತಹ ಕಣಗಳ ಇರವನ್ನು ಕಣ್ಣಿಗೆ ತೋರಿಸಿದರು.

ನಮ್ಮ ಆಯುರ್ವೇದದ ಸುವರ್ಣಭಸ್ಮದಲ್ಲಿಯೂ ನ್ಯಾನೊ ಗಾತ್ರದ ಚಿನ್ನದ ಕಣಗಳಿರುವುದನ್ನು ಈಚಿನ ಪರೀಕ್ಷೆಗಳು ತೋರಿಸಿವೆ. ಇದು ಕುತೂಹಲಕರವಾದ ಸಂಗತಿ. ಆದರೆ ಇದರಿಂದ ನಮ್ಮ ಪೂರ್ವಿಕರು ನ್ಯಾನೊ ವಿಜ್ಞಾನವನ್ನು ಬಲ್ಲವರಾಗಿದ್ದರೆಂದು ಹೇಳುವುದು ಇತಿಹಾಸದ ಕ್ರಮವಲ್ಲ. ಒಂದು ವಸ್ತುವನ್ನು ತಯಾರಿಸುವ ಕೌಶಲ ಬೇರೆ. ಅದರ ಕಣದ ಗಾತ್ರವನ್ನರಿತು ಬೇಕಾದಂತೆ ಬದಲಿಸುವ ಜ್ಞಾನ ಬೇರೆ. ಮೊದಲನೆಯದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಎರಡನೆಯದನ್ನು ಅದಕ್ಕೆ ಅಂಟಿಸುವುದು ಬೇಡ.

ಆಧುನಿಕ ಶೋಧಕ ಕಣದ ರಚನೆಯನ್ನು ಸ್ಥೂಲವಾಗಿ ಮೂರು ಪದರಗಳಾಗಿ ವಿವರಿಸಬಹುದು. ನಡುವೆ ಒಂದು ತಿರುಳು: ಕಬ್ಬಿಣದ ಆಕ್ಸೈಡು, ಚಿನ್ನ ಅಥವಾ ಸಿಲಿಕ. ಕಬ್ಬಿಣದ ಆಕ್ಸೈಡು ತನ್ನ ಸುತ್ತಣ ನೀರಿನ ಸ್ಪಂದನವನ್ನು ಕೆಡಿಸಿ ಎಂ.ಆರ್.ಐ.ಯಲ್ಲಿ ಕಪ್ಪು ಕಲೆಯಾಗಿ ಕಾಣಿಸುತ್ತದೆ. ಚಿನ್ನವು ಭಾರವಾದ ಪರಮಾಣುವಾದುದರಿಂದ ಕ್ಷ-ಕಿರಣವನ್ನು ತಡೆಯುತ್ತದೆ. ತಿರುಳಿನ ಮೇಲೆ ಒಂದು ಹೊದಿಕೆ: ಕಣಗಳು ಒಂದಕ್ಕೊಂದು ಅಂಟದಂತೆಯೂ ರಕ್ತವು ಅವುಗಳನ್ನು ಬೇಗನೆ ಪರಕೀಯವೆಂದು ಗುರುತಿಸದಂತೆಯೂ ಅದು ಕಾಯುತ್ತದೆ. ಹೊದಿಕೆಯ ಮೇಲೆ ಅಥವಾ ಒಳಗೆ ಎರಡನೆಯ ಸಂಕೇತ: ತಾಮ್ರ-64ರಂತಹ ವಿಕಿರಣಶೀಲ ಸಮಸ್ಥಾನಿ, ಇಲ್ಲವೆ ಬೆಳಕನ್ನು ಚೆಲ್ಲುವ ಬಣ್ಣ. ಅರ್ಬುದದ ಜೀವಕೋಶಗಳನ್ನು ಹುಡುಕಿ ಅಂಟಿಕೊಳ್ಳುವ ಅಣುಗಳನ್ನೂ ಕೆಲವೊಮ್ಮೆ ಜೋಡಿಸುತ್ತಾರೆ.

ಕಬ್ಬಿಣದ ಆಕ್ಸೈಡಿನ ಕಣಗಳು ಏಕಾಂಗಿಯಾಗಿ ಆಸ್ಪತ್ರೆಯನ್ನು ಪ್ರವೇಶಿಸಿದುವು. ಯಕೃತ್ತಿನ ಚಿತ್ರಣಕ್ಕಾಗಿ ಅಂತಹ ದ್ರವ್ಯವೊಂದಕ್ಕೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ದೊರೆಯಿತು. 2008ರ ಸುಮಾರಿಗೆ ಅದರ ತಯಾರಿಕೆ ನಿಂತಿತು. 2003ರಲ್ಲಿ, ಎಂ.ಆರ್.ಐ.ಗೂ ಬೆಳಕಿಗೂ ಕಾಣುವ ಕಣವೊಂದರಿಂದ ಇಲಿಗಳ ಮಿದುಳಿನ ಗಡ್ಡೆಯ ಅಂಚನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ಚಿಕಿತ್ಸೆಯ ನಡುವೆಯೂ ಗುರುತಿಸಿದ ವರದಿ ಬಂದಿತು. 2012ರಲ್ಲಿ, ಅಂಬಾಲಾದಲ್ಲಿ ಹುಟ್ಟಿದ ಸಂಜೀವ್ ಗಂಭೀರ್ ಅವರಿದ್ದ ಅಮೆರಿಕದ ತಂಡವೊಂದು ಚಿನ್ನದ ತಿರುಳು, ಸಿಲಿಕದ ಹೊದಿಕೆ ಮತ್ತು ಗಡೋಲಿನಿಯಂಗಳಿಂದಾದ ಕಣವನ್ನು ಇಲಿಗಳಲ್ಲಿ ಪರೀಕ್ಷಿಸಿತು. ಅದು ಎಂ.ಆರ್.ಐ., ಧ್ವನಿ-ಬೆಳಕಿನ ಚಿತ್ರಣ ಮತ್ತು ರಾಮನ್ ಚಿತ್ರಣ ಎಂಬ ಮೂರು ಕ್ರಮಗಳಿಗೂ ಕಾಣುತ್ತಿತ್ತು. ಸರ್ ಸಿ. ವಿ. ರಾಮನ್ನರು 1928ರ ಫೆಬ್ರವರಿ 28ರಂದು ಕಲಕತ್ತೆಯಲ್ಲಿ ಕಂಡ, 1933ರಿಂದ ಬೆಂಗಳೂರಿನಲ್ಲಿ ತಮ್ಮ ಶಿಷ್ಯರೊಡನೆ ಬೆಳೆಸಿದ ಚೆದರಿಕೆಯ ವಿದ್ಯೆಯು ಹೀಗೆ ಶಸ್ತ್ರವೈದ್ಯನ ಮೇಜಿನ ಸಮೀಪಕ್ಕೆ ಬಂದಿತು. 2014ರಲ್ಲಿ ಐವರು ರೋಗಿಗಳಲ್ಲಿ 6–7 ನ್ಯಾನೊಮೀಟರಿನ ಸಿಲಿಕ ಕಣಗಳ ಪರೀಕ್ಷೆಯ ವರದಿ ಪ್ರಕಟವಾಯಿತು. ಅವು ಪೆಟ್ ಯಂತ್ರಕ್ಕೂ ಬೆಳಕಿಗೂ ಕಾಣುವಂತಹವು. ಬಹುಪಾಲು ಮೂತ್ರಪಿಂಡಗಳ ಮೂಲಕ ಹೊರಹೋದವು.

ಮನುಷ್ಯರ ಮೇಲೆ ನಡೆದ ಇಂತಹ ಪರೀಕ್ಷೆಗಳು ಇನ್ನೂ ಕೆಲವೇ. ಬಹುತೇಕ ಸಂಯುಕ್ತ ಕಣಗಳು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿಲ್ಲ. ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ ಸಾಮಾನ್ಯವಾದ ಸಿ.ಟಿ., ಎಂ.ಆರ್.ಐ. ಅಥವಾ ಪೆಟ್ ಪರೀಕ್ಷೆ ಮಾಡಿಸಿಕೊಳ್ಳುವ ರೋಗಿಗೆ ಇವನ್ನು ಚುಚ್ಚುವುದಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಈ ಲೇಖನದ ಕಾರಣದಿಂದ ಯಾರೂ ಅಗತ್ಯವಾದ ಪರೀಕ್ಷೆಗೆ ಹಿಂಜರಿಯಬಾರದು.

6. ಥೋರೊಟ್ರಾಸ್ಟ್ ಪ್ರಕರಣ

ಈ ಚರಿತ್ರೆಯ ಮುಖ್ಯ ಅಧ್ಯಾಯಕ್ಕೆ ಈಗ ಬರೋಣ. ದೇಹದೊಳಕ್ಕೆ ನ್ಯಾನೊ ಗಾತ್ರದ ಕಣಗಳನ್ನು ಚುಚ್ಚಿ ಚಿತ್ರ ತೆಗೆಯುವ ಪ್ರಯತ್ನವು ನಮ್ಮ ಕಾಲದ್ದೇ ಎಂಬ ಭಾವನೆ ಸಾಮಾನ್ಯವಾಗಿದೆ. ಅದು ತಪ್ಪು. 1930ರ ಸುಮಾರಿಗೆ ಜರ್ಮನಿಯಲ್ಲಿ ‘ಥೋರೊಟ್ರಾಸ್ಟ್’ ಎಂಬ ಕಾಂಟ್ರಾಸ್ಟ್ ದ್ರವ್ಯ ಮಾರುಕಟ್ಟೆಗೆ ಬಂದಿತು. ಅದು ಥೋರಿಯಂ ಡಯಾಕ್ಸೈಡಿನ ಕಲಿಲ. ಕಣಗಳು ಕೆಲವೇ ನ್ಯಾನೊಮೀಟರಿನವು. ಅಂದಿನ ಬೇರೆ ದ್ರವ್ಯಗಳು ಚುಚ್ಚಿದೊಡನೆ ಉರಿ ನೋವುಗಳನ್ನು ಉಂಟುಮಾಡುತ್ತಿದ್ದುವು. ಥೋರೊಟ್ರಾಸ್ಟ್ ನೋವು ಕೊಡಲಿಲ್ಲ. ಚಿತ್ರವೂ ಬಹಳ ಸ್ಫುಟವಾಗಿ ಬಂದಿತು. ಮಿದುಳಿನ ರಕ್ತನಾಳಗಳ ಚಿತ್ರಣವನ್ನು 1927ರಲ್ಲಿ ಆರಂಭಿಸಿದ ಪೋರ್ಚುಗಲ್ಲಿನ ಈಗಾಸ್ ಮೋನಿಸ್ ಅವರು 1931ರಲ್ಲಿ ಈ ದ್ರವ್ಯವನ್ನು ಬಳಸತೊಡಗಿದರು. ಹಲವು ದೇಶಗಳ ವೈದ್ಯರು ಅದನ್ನು ಸ್ವಾಗತಿಸಿದರು.

ಅದರ ದೋಷ ಎರಡು. ಥೋರಿಯಂ ವಿಕಿರಣಶೀಲವಾದುದು, ಅದರ ಅರ್ಧಾಯುಷ್ಯ ಸುಮಾರು 1,400 ಕೋಟಿ ವರ್ಷ. ಇದಕ್ಕಿಂತ ಗುರುತರವಾದುದು ಇನ್ನೊಂದು: ಆ ಕಣಗಳು ದೇಹವನ್ನು ಬಿಟ್ಟು ಹೋಗಲಿಲ್ಲ. ರಕ್ತವನ್ನು ಶುದ್ಧಿಮಾಡುವ ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳಲ್ಲಿ ಅವು ಸಿಕ್ಕಿಕೊಂಡು, ರೋಗಿಯ ಆಯುಷ್ಯವಿಡೀ ಅಲ್ಲಿಯೇ ಉಳಿದು, ಸುತ್ತಣ ಜೀವಕೋಶಗಳ ಮೇಲೆ ಆಲ್ಫಾ ಕಿರಣಗಳನ್ನು ಸುರಿಸಿದುವು. ಅಮೆರಿಕದ ವೈದ್ಯಸಂಘದ ಔಷಧ ಮಂಡಳಿಯು 1932ರಲ್ಲಿಯೇ ಈ ಅಪಾಯವನ್ನು ಎತ್ತಿ ಹೇಳಿತ್ತು. ಆದರೂ ಬಳಕೆ ನಿಲ್ಲಲಿಲ್ಲ. ಮನುಷ್ಯನ ಯಕೃತ್ತಿನಲ್ಲಿ ಇದರಿಂದಾದ ಅರ್ಬುದದ ವರದಿ 1947ರಲ್ಲಿ ಬಂದಿತು. 1950ರ ದಶಕದಲ್ಲಿ ಅದರ ಬಳಕೆ ನಿಂತುಹೋಯಿತು.

ಬಳಕೆ ನಿಂತ ಮಾತ್ರಕ್ಕೆ ಪ್ರಕರಣ ಮುಗಿಯಲಿಲ್ಲ. ಚುಚ್ಚಿಸಿಕೊಂಡವರಲ್ಲಿ ಅರ್ಬುದಗಳು ಎರಡು ಮೂರು ದಶಕಗಳ ಅನಂತರವೂ ಕಾಣಿಸಿಕೊಂಡುವು. ಇದು ತಿಳಿದುಬಂದುದು ಹೇಗೆ? ಜರ್ಮನಿ, ಡೆನ್ಮಾರ್ಕ್, ಪೋರ್ಚುಗಲ್, ಜಪಾನ್ ಮೊದಲಾದ ದೇಶಗಳಲ್ಲಿ ಸಂಶೋಧಕರು ಹಳೆಯ ಆಸ್ಪತ್ರೆಗಳ ದಫ್ತರಗಳನ್ನು ಬಿಚ್ಚಿ, ಯಾರಿಗೆ, ಯಾವಾಗ, ಎಷ್ಟು ಚುಚ್ಚಲಾಯಿತೆಂಬುದನ್ನು ಹುಡುಕಿ, ಆ ವ್ಯಕ್ತಿಗಳನ್ನು ದಶಕಗಟ್ಟಲೆ ಅನುಸರಿಸಿದರು. ಜರ್ಮನಿಯಲ್ಲಿ ಅದೇ ಆಸ್ಪತ್ರೆಗಳ ದಾಖಲೆಗಳಿಂದಲೇ ಥೋರೊಟ್ರಾಸ್ಟ್ ಪಡೆಯದ, ಅದೇ ವಯಸ್ಸಿನ ರೋಗಿಗಳನ್ನೂ ಆರಿಸಿ ಹೋಲಿಸಿದರು. ಈ ಎರಡನೆಯ ಗುಂಪು ಇಲ್ಲದಿದ್ದರೆ, ಮುಪ್ಪಿನಲ್ಲಿ ಬಂದ ರೋಗವು ಮುಪ್ಪಿನಿಂದಲೇ ಬಂದಿತೆಂದು ಹೇಳಿ ಕೈತೊಳೆದುಕೊಳ್ಳಬಹುದಾಗಿತ್ತು.

ಸೂಕ್ಷ್ಮದರ್ಶಕವು ಒಬ್ಬ ರೋಗಿಯ ಯಕೃತ್ತಿನಲ್ಲಿ ಥೋರಿಯಂ ಕಣಗಳನ್ನು ತೋರಿಸಬಲ್ಲದು. ಆದರೆ ಆ ದ್ರವ್ಯವನ್ನು ಪಡೆದವರಲ್ಲಿ ರೋಗ ಎಷ್ಟು ಪಟ್ಟು ಹೆಚ್ಚಿತೆಂಬುದನ್ನು ಹೇಳಿದವು ಧೂಳು ಹಿಡಿದ ರಿಜಿಸ್ಟರುಗಳು. ವೈದ್ಯಶಾಸ್ತ್ರಕ್ಕೆ ಇಲ್ಲಿ ಒದಗಿ ಬಂದ ಉಪಕರಣವು ಇತಿಹಾಸಕಾರನ ಉಪಕರಣವೇ ಆಗಿತ್ತು.

7. ಹೊರಹೋಗುವ ಪ್ರಶ್ನೆ

ಥೋರೊಟ್ರಾಸ್ಟ್ ವಿಕಿರಣದ ದೋಷದಿಂದ ಕೆಟ್ಟಿತು, ವಿಕಿರಣವಿಲ್ಲದ ದ್ರವ್ಯಕ್ಕೆ ಆ ಭಯವಿಲ್ಲವೆಂದು ವಾದಿಸಬಹುದು. ಗಡೋಲಿನಿಯಂ ಇದಕ್ಕೆ ಉತ್ತರ ಕೊಡುತ್ತದೆ. ಎಂ.ಆರ್.ಐ.ಯ ಮೊದಲ ಗಡೋಲಿನಿಯಂ ಕಾಂಟ್ರಾಸ್ಟ್ ಅಮೆರಿಕದಲ್ಲಿ ಅನುಮತಿ ಪಡೆದುದು 1988ರಲ್ಲಿ. ಬಿಡಿಯಾದ ಗಡೋಲಿನಿಯಂ ವಿಷವಾದುದರಿಂದ ಅದನ್ನು ಇನ್ನೊಂದು ಅಣುವಿನ ಹಿಡಿತದಲ್ಲಿ ಬಂಧಿಸಿ ಕೊಡುತ್ತಾರೆ. ಆರೋಗ್ಯವಂತ ಮೂತ್ರಪಿಂಡಗಳು ಅದನ್ನು ಬೇಗನೆ ಹೊರಹಾಕುತ್ತವೆ. ಆದರೆ ಮೂತ್ರಪಿಂಡಗಳು ತೀರ ಕೆಟ್ಟ ಕೆಲವರಲ್ಲಿ ಚರ್ಮವೂ ಅಂಗಗಳೂ ಬಿಗಿದುಕೊಳ್ಳುವ ತೀವ್ರವಾದ ರೋಗಕ್ಕೂ ಈ ದ್ರವ್ಯಕ್ಕೂ ಸಂಬಂಧವಿರುವುದು 2006ರಲ್ಲಿ ಗೊತ್ತಾಯಿತು. ಮೂತ್ರಪಿಂಡಗಳು ಚೆನ್ನಾಗಿರುವವರ ಮಿದುಳಿನಲ್ಲಿಯೂ ಅದರ ಶೇಷ ಉಳಿಯಬಹುದೆಂದು 2014ರಿಂದ ವರದಿಗಳು ಬಂದುವು. ಐರೋಪ್ಯ ಒಕ್ಕೂಟವು 2017ರಲ್ಲಿ ಸಡಿಲ ಹಿಡಿತದ ಕೆಲವು ದ್ರವ್ಯಗಳ ಬಳಕೆಯನ್ನು ತಡೆಹಿಡಿಯಿತು. ಆ ಶೇಷದಿಂದ ಹಾನಿಯಾಗಿರುವುದು ಸಿದ್ಧವಾಗಿಲ್ಲ. ಬಿಗಿಯಾದ ಹಿಡಿತದ ದ್ರವ್ಯಗಳು ಇಂದೂ ಅತ್ಯುಪಯುಕ್ತವಾಗಿವೆ. ಇಲ್ಲಿ ಗಮನಿಸಬೇಕಾದುದು ಕಾಲದ ಅಂತರ: 1988ರಿಂದ 2006ಕ್ಕೆ 18 ವರ್ಷ.

ಈ ಅನುಭವದಿಂದ ವಿಜ್ಞಾನಿಗಳು ಪಾಠ ಕಲಿತಿಲ್ಲವೆಂದು ಹೇಳುವಂತಿಲ್ಲ. ಸುಮಾರು 5.5 ನ್ಯಾನೊಮೀಟರಿಗಿಂತ ಚಿಕ್ಕವಾದ ಕಣಗಳು ಮೂತ್ರದೊಡನೆ ಬೇಗ ಹೊರಹೋಗುತ್ತವೆ, ಅದಕ್ಕಿಂತ ದೊಡ್ಡವು ಹಿಂದುಳಿಯುವ ಸಂಭವ ಹೆಚ್ಚು ಎಂದು 2007ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ತೋರಿಸಿತು. ಅಂದಿನಿಂದ ಕಣವನ್ನು ರಚಿಸುವವರು ‘ಎಷ್ಟು ಚೆನ್ನಾಗಿ ಕಾಣಿಸುತ್ತದೆ’ ಎಂಬುದರ ಜೊತೆಗೆ ‘ಹೇಗೆ ಹೊರಹೋಗುತ್ತದೆ’ ಎಂಬುದನ್ನೂ ಕೇಳತೊಡಗಿದ್ದಾರೆ. ಮೇಲೆ ಹೇಳಿದ 2014ರ ಪರೀಕ್ಷೆಯಲ್ಲಿ ಕಣಗಳನ್ನು ಅಷ್ಟು ಚಿಕ್ಕದಾಗಿ ಮಾಡಿದುದರ ಕಾರಣ ಇದೇ. ಆದರೆ ಕಣಕ್ಕೆ ಎರಡು ಮೂರು ಸಂಕೇತಗಳನ್ನು ಹೊರಿಸಿದಷ್ಟೂ ಅದು ದಪ್ಪವಾಗುತ್ತದೆ. ದಪ್ಪವಾದಷ್ಟೂ ಹೊರಹೋಗುವುದು ಕಷ್ಟ. ಹೆಚ್ಚು ತೋರಿಸುವ ಗುಣವೂ ಬೇಗ ತೊಲಗುವ ಗುಣವೂ ಪರಸ್ಪರ ಜಗಳವಾಡುತ್ತವೆ. ಸಂಯುಕ್ತ ಶೋಧಕದ ಕಷ್ಟವೆಲ್ಲ ಈ ಜಗಳದಲ್ಲಿ ಅಡಗಿದೆ.

8. ದಾಖಲೆಯ ಪ್ರಶ್ನೆ

ಈಗ ನಮ್ಮ ನಾಡಿನ ಸ್ಥಿತಿಯನ್ನು ನೋಡೋಣ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಾವಳಿಯು, ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳ ಕಾಲ ಇಡಬೇಕೆಂದು ವಿಧಿಸಿದೆ. ದಿನನಿತ್ಯದ ಚಿಕಿತ್ಸೆಗೆ ಈ ಅವಧಿ ಸಾಲಬಹುದು. ಆದರೆ ಗಡೋಲಿನಿಯಂನ ಒಂದು ದೋಷ ತಿಳಿಯಲು 18 ವರ್ಷ ಬೇಕಾದುವು. ಥೋರೊಟ್ರಾಸ್ಟಿನ ಪೂರ್ಣ ಪರಿಣಾಮ ತಿಳಿಯಲು ಅದಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು. ಜರ್ಮನಿಯ ಆಸ್ಪತ್ರೆಗಳು ಮೂರೇ ವರ್ಷಗಳಲ್ಲಿ ತಮ್ಮ ದಫ್ತರಗಳನ್ನು ಸುಟ್ಟಿದ್ದರೆ ಆ ಅಧ್ಯಯನವೇ ನಡೆಯುತ್ತಿರಲಿಲ್ಲ.

ನ್ಯಾನೊ ಔಷಧಗಳ ಮೌಲ್ಯಮಾಪನಕ್ಕಾಗಿ ಭಾರತ ಸರಕಾರವು 2019ರಲ್ಲಿ ಮಾರ್ಗದರ್ಶಿಯೊಂದನ್ನು ಹೊರಡಿಸಿದೆ. 2021ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ ಪ್ರತಿಯೊಬ್ಬನೂ ತನ್ನ ಆರೋಗ್ಯ ದಾಖಲೆಗಳನ್ನು 14 ಅಂಕಿಗಳ ಸಂಖ್ಯೆಯೊಂದಕ್ಕೆ ಜೋಡಿಸಿಕೊಳ್ಳಬಹುದು. ಇವೆರಡೂ ಸ್ವಾಗತಾರ್ಹವಾದ ಕ್ರಮಗಳು. ಆದರೆ ಈ ಎರಡನೆಯ ವ್ಯವಸ್ಥೆಯಲ್ಲಿ ಮೂಲ ದಾಖಲೆಯು ಆಯಾ ಆಸ್ಪತ್ರೆಯಲ್ಲಿಯೇ ಇರುತ್ತದೆ. ಸಂಖ್ಯೆಯು ಅದರ ಇರುವೆಡೆಯನ್ನು ಮಾತ್ರ ತೋರಿಸುತ್ತದೆ. ಆಸ್ಪತ್ರೆಯು ದಾಖಲೆಯನ್ನು ತೆಗೆದುಹಾಕಿದರೆ ಕೀಲಿಕೈ ಉಳಿದು ಪೆಟ್ಟಿಗೆ ಬರಿದಾದಂತೆ. ರೋಗಿಯ ಗೌಪ್ಯವನ್ನು ಕಾಪಾಡುವುದು ಅತ್ಯವಶ್ಯವೆಂಬುದನ್ನು ಒಪ್ಪಿಯೂ, ಹೊಸ ಬಗೆಯ ಕಣವನ್ನು ದೇಹಕ್ಕೆ ಸೇರಿಸಿದ ಪ್ರತಿಯೊಂದು ಸಂದರ್ಭದ ದಾಖಲೆಯನ್ನಾದರೂ ಆ ವ್ಯಕ್ತಿಯ ಆಯುಷ್ಯವಿಡೀ ಉಳಿಸಬೇಕೆಂದು ಕೇಳುವುದು ನ್ಯಾಯವಾಗಿದೆ.

ಕಟಕೋಳದಂತಹ ಊರುಗಳಿಗೆ ಈ ಪ್ರಶ್ನೆ ಇನ್ನಷ್ಟು ತೀವ್ರವಾದುದು. ಇಲ್ಲಿಯ ರೋಗಿ ಒಂದು ಬೇನೆಗೆ ರಾಮದುರ್ಗಕ್ಕೂ, ಇನ್ನೊಂದಕ್ಕೆ ಬೆಳಗಾವಿಗೂ, ಮತ್ತೊಂದಕ್ಕೆ ಹುಬ್ಬಳ್ಳಿಗೋ ಮಿರಜಿಗೋ ಹೋಗುತ್ತಾನೆ. ಮಿರಜಿನ ಮಿಷನ್ ಆಸ್ಪತ್ರೆಯು 1894ರಷ್ಟು ಹಳೆಯದು. ಹುಬ್ಬಳ್ಳಿಯ ವೈದ್ಯಕೀಯ ಮಹಾವಿದ್ಯಾಲಯ 1957ರದು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ 1963ರದು. ಮಿರಜ ಇಂದು ಮಹಾರಾಷ್ಟ್ರದಲ್ಲಿದೆ. ಒಬ್ಬನೇ ಮನುಷ್ಯನ ದೇಹದ ಚರಿತ್ರೆ ಹೀಗೆ ಎರಡು ರಾಜ್ಯಗಳ ಮೂರು ನಾಲ್ಕು ಊರುಗಳಲ್ಲಿ ಚೆದರಿರುತ್ತದೆ. ಅದನ್ನೆಲ್ಲ ಒಂದೆಡೆ ಹಿಡಿದಿಡುವ ದಫ್ತರವೆಂದರೆ ಮನೆಯ ಗೂಟಕ್ಕೆ ತೂಗುವ ಅರಿವೆಯ ಚೀಲವೊಂದೇ.

ಉಪಸಂಹಾರವಾಗಿ ಹೇಳಬಹುದಾದುದು ಇಷ್ಟು. ಆಕೃತಿಯನ್ನೂ ವ್ಯಾಪಾರವನ್ನೂ ಒಂದೇ ಕಣದಿಂದ ತಿಳಿಯುವ ಪ್ರಯತ್ನವು ಒಂದು ಶತಮಾನಕ್ಕೂ ಮಿಗಿಲಾದ ಪರಂಪರೆಯ ಫಲ. ಆ ಪರಂಪರೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಆ ಪ್ರಯತ್ನ ಸಫಲವಾಗಲೆಂದೇ ನಾವು ಹಾರೈಸಬೇಕು; ಏಕೆಂದರೆ ಅರ್ಬುದವನ್ನು ಬೇಗನೆ ಗುರುತಿಸಿದಷ್ಟೂ ಉಳಿಯುವ ಜೀವಗಳು ಹೆಚ್ಚು. ಆದರೆ ಕಣವು ದೇಹದಲ್ಲಿ ಎಷ್ಟು ಕಾಲ ಉಳಿಯಬಹುದೋ ಅದರ ದಾಖಲೆಯೂ ಕನಿಷ್ಠ ಅಷ್ಟು ಕಾಲ ಉಳಿಯಬೇಕೆಂಬುದು ಥೋರೊಟ್ರಾಸ್ಟ್ ಪ್ರಕರಣ ಕಲಿಸಿದ ನಿಯಮ. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಶಾಸನ, ಕಡತ, ಬಖೈರುಗಳ ಜೊತೆಗೆ ಜಿಲ್ಲೆಯ ಹಳೆಯ ಆಸ್ಪತ್ರೆಗಳ ರಿಜಿಸ್ಟರುಗಳನ್ನೂ ತಮ್ಮ ಸಮೀಕ್ಷೆಗೆ ತೆಗೆದುಕೊಳ್ಳಬೇಕು. ಯಾವ ರಿಜಿಸ್ಟರುಗಳು ಎಲ್ಲಿ ಉಳಿದಿವೆ, ಯಾವ ವರ್ಷಗಳಿಂದ ಉಳಿದಿವೆ ಎಂಬ ಪಟ್ಟಿಯೊಂದನ್ನು ಸಿದ್ಧಪಡಿಸುವುದು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಯ ಒಂದು ವರ್ಷದ ಕೆಲಸ. ರೋಗಿಗಳ ಹೆಸರುಗಳನ್ನು ಮುಟ್ಟದೆಯೇ ಅದನ್ನು ಮಾಡಬಹುದು. ರಾಮದುರ್ಗ, ಸವದತ್ತಿ, ಬೈಲಹೊಂಗಲ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ಈ ಕೆಲಸವನ್ನು ತಮ್ಮ ಊರುಗಳಿಂದಲೇ ಆರಂಭಿಸಲಿ. ಅದರೊಡನೆ, ಮುಂದಿನ ಗ್ರಹಣದ ದಿನ ತಮ್ಮ ಮನೆಯ ಅರಿವೆಯ ಚೀಲಕ್ಕೆ ಯಾರೂ ಕೈಹಾಕದಂತೆ ನೋಡಿಕೊಳ್ಳಲಿ.